ಎಡಗಾಲಿನ ಅಳತೆ

ಹೋದ ವಾರ ನಮ್ಮ ವಾರ್ಡಿಗೆ ಹೊಸ ಅಳತೆ ಟೇಪುಗಳ ಪೊಟ್ಟಣ ಬಂತು. ಕವರ್ ಹರಿದ ಕೂಡಲೇ ಹೊಸ ರೆಕ್ಸಿನ್ನಿನ ವಾಸನೆ, ಅದರ ಹಿಂದೆಯೇ ಸಣ್ಣಗೆ ಪೌಡರಿನ ವಾಸನೆ. ಒಂದು ಮಗ್ಗುಲಲ್ಲಿ ಇಂಚು, ಇನ್ನೊಂದು ಮಗ್ಗುಲಲ್ಲಿ ಸೆಂಟಿಮೀಟರ್, ತುದಿಗೆ ಪುಟ್ಟ ತಗಡು. ಮೂಳೆ ಮುರಿದು ಮಲಗಿದವರ ಒಂದೊಂದು ಮಂಚಕ್ಕೂ ಒಂದೊಂದು ಟೇಪು ಇರಬೇಕು, ದಿನಾ ಬೆಳಿಗ್ಗೆ ಎರಡೂ ಕಾಲಿನ ಮೀನಖಂಡವನ್ನು ಅಳೆದು ಬರೆಯಬೇಕು ಎನ್ನುವುದು ನಾನು ಇನ್‌ಚಾರ್ಜ್ ಆದ ಮೇಲೆ ಮಾಡಿದ ನಿಯಮ. ಹೊಸದಾಗಿ ಸೇರಿದ ನರ್ಸ್ ಹುಡುಗಿಯರು ಬೆನ್ನ ಹಿಂದೆ ನನ್ನನ್ನು ‘ಟೈಲರ್ ಮೇಡಂ’ ಅನ್ನುತ್ತಾರೆ. ಅನ್ನಲಿ. ಆ ಹೆಸರು ನನ್ನದಲ್ಲ ಅನ್ನುವುದು ಅವರಿಗೆ ಗೊತ್ತಿಲ್ಲ, ಅಷ್ಟೇ.

ಆ ಹೆಸರಿನವರು ಮರಳೂರಿನಲ್ಲಿ ನಮ್ಮ ಮನೆಯಿಂದ ಮೂರನೇ ಮನೆಯಲ್ಲಿದ್ದರು. ಬೀದಿಯವರಿಗೆಲ್ಲ ಟೈಲರ್ ಅಕ್ಕ. ಹೊರಗಿನ ಕೋಣೆಯ ಕಿಟಕಿಗೆ ಮಿಷನ್ ಹಾಕಿಕೊಂಡು ಬ್ಲೌಸ್, ಲಂಗ, ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಿದ್ದರು. ಕುತ್ತಿಗೆಯಿಂದ ಟೇಪು ಇಳಿದಿದ್ದನ್ನು ನಾನು ಕಂಡಿಲ್ಲ. ಸೊಪ್ಪಿನ ಗಾಡಿ ಬಂದರೂ ಹಾಗೇ ಬರುವರು, ಸೊಪ್ಪಿನವಳ ಕಟ್ಟನ್ನು ನೋಡಿ, ‘ಮೊನ್ನೆಗಿಂತ ಒಂದಿಂಚು ಸಣ್ಣಗೈತೆ’ ಎಂದು ಜಗಳ ತೆಗೆಯುವರು. ನೂರು ಪುಟದ ಒಂದು ನೋಟ್‌ಬುಕ್ಕು ಇತ್ತು, ಒಬ್ಬೊಬ್ಬರಿಗೆ ಒಂದೊಂದು ಪುಟ. ಒಂದು ಸಲ ಅಳತೆ ಬರೆದರೆ ಮುಗಿಯಿತು. ಅವರು ಹೊಲಿದ ಬಟ್ಟೆಯನ್ನು ಆಲ್ಟರ್ ಮಾಡಿಸಿದವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಅಕ್ಕನಿಗೆ ಇದ್ದ ಒಂದೇ ಜಂಬ ಅದು.

ನರ್ಸಿಂಗ್ ಮುಗಿಸಿ ನಾನು ಕೆಲಸಕ್ಕೆ ಸೇರಿದಾಗ ನನ್ನ ಮೊದಲ ಯೂನಿಫಾರ್ಮ್ ಹೊಲಿದವರೂ ಅವರೇ. ಸ್ವಲ್ಪ ಲೂಸ್ ಇಡಿ ಅಕ್ಕ, ದಪ್ಪ ಕಾಣಬಾರದು ಅಂದೆ. ‘ನಿನ್ ಮೈಗೆ ಹೊಲೀತೀನಿ ಕಣೇ, ನಿನ್ ಆಸೆಗಲ್ಲ’ ಅಂದರು. ಹಾಕಿಕೊಂಡು ನೋಡಿದರೆ ನನ್ನ ಮೈ ಹೇಗಿದೆಯೋ ಹಾಗೆ, ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವರ ಯಜಮಾನರು ಗುಬ್ಬಿ ಕಡೆಯವರು. ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ವೆಲ್ಡರ್. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಮಾತು ಕಡಿಮೆ, ಮರ್ಯಾದೆ ಜಾಸ್ತಿ. ಎಂಟು ಗಂಟೆ ನಿಂತು ಕೆಲಸ ಮಾಡಿ ಬಂದು ಜಗಲಿಯ ಮೇಲೆ ಕಾಲು ಚಾಚಿರುವರು, ನನ್ನಂಥ ಚಿಕ್ಕವಳು ಬ್ಲೌಸ್ ಕೇಳಲು ಹೋದರೂ ಕಾಲು ಮಡಿಸಿ ಎದ್ದು ನಿಲ್ಲುವರು. ಕೂತ್ಕೊಳ್ಳಿ ಅಣ್ಣ ಅಂದರೆ ಇನ್ನೂ ಸಂಕೋಚ. ಆ ಮರ್ಯಾದೆಯನ್ನು ಆಗ ನಾವೆಲ್ಲ ಹೊಗಳುತ್ತಿದ್ದೆವು...

ಒಂದು ಸೋಮವಾರ ಗುಬ್ಬಿಯಿಂದ ಬೈಕಿನಲ್ಲಿ ಬರುವಾಗ ಟ್ರ್ಯಾಕ್ಟರಿನ ಟ್ರೈಲರ್ ತಗುಲಿ ಬಿದ್ದರು. ಬಲಗಾಲಿನಲ್ಲಿ ಮೊಣಕಾಲಿನ ಕೆಳಗಿನ ಮೂಳೆ ಮುರಿದಿತ್ತು, ಪಕ್ಕೆಲುಬು ಮೂರು ಕಡೆ ಬಿರುಕು ಬಿಟ್ಟಿತ್ತು. ಆಂಬುಲೆನ್ಸಿನವನು ಯಾವ ಆಸ್ಪತ್ರೆ ಅಂತ ಫೋನಿನಲ್ಲಿ ಕೇಳಿದಾಗ ಅಕ್ಕ ಹೇಳಿದ್ದು ನಾನು ಕೆಲಸ ಮಾಡುತ್ತಿದ್ದ ನರ್ಸಿಂಗ್ ಹೋಮಿನ ಹೆಸರನ್ನು. ಸರ್ಕಾರಿ ದೊಡ್ಡಾಸ್ಪತ್ರೆ ಹತ್ತಿರವಿತ್ತು. ಅಲ್ಲಿಗೆ ಹೋಗಿದ್ದರೆ... ಬಿಡಿ, ಆ ಮಾತಿಗೆ ಕೊನೆಯಿಲ್ಲ. ಗೇಟಿನಲ್ಲಿ ನನ್ನ ಕೈ ಹಿಡಿದುಕೊಂಡು, ‘ನೀನಿದೀಯಲ್ಲ ಕಣೇ, ಅದೇ ಧೈರ್ಯ’ ಅಂದರು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆ ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ಪೆಟ್ಟು ಬಿದ್ದು ಮಲಗಿದವರ ಕಾಲಿನಲ್ಲಿ ರಕ್ತ ಓಡುವುದು ನಿಧಾನವಾಗುತ್ತದೆ. ಆರಲು ಬಿಟ್ಟ ಗಂಜಿಯ ಮೇಲೆ ಕೆನೆ ಕಟ್ಟುವ ಹಾಗೆ ಒಳಗೇ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಾಲಿನಲ್ಲೇ ಇದ್ದರೆ ಊತ, ನೋವು. ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಯಿತೋ, ಉಳಿಸಿಕೊಳ್ಳುವುದು ಕಷ್ಟ. ಯಾರಿಗೆ ಈ ಅಪಾಯ ಎಷ್ಟಿದೆ ಎಂದು ತೂಗಿ ನೋಡಲು ನಮ್ಮಲ್ಲಿ ಒಂದು ಸ್ಕೋರ್ ಶೀಟ್ ಇತ್ತು. ವಯಸ್ಸು, ತೂಕ, ಯಾವ ಮೂಳೆ, ಓಡಾಡುತ್ತಾರೋ ಮಲಗಿಯೇ ಇದ್ದಾರೋ, ಪೆಟ್ಟಿಲ್ಲದ ಕಾಲಿನಲ್ಲಿ ಊತ ಇದೆಯೋ ಇಲ್ಲವೋ. ಒಂದೊಂದಕ್ಕೆ ಇಷ್ಟಿಷ್ಟು ಅಂಕ. ಒಟ್ಟು ಒಂದು ಗೆರೆ ದಾಟಿದರೆ ಹೊಟ್ಟೆಯ ಚರ್ಮದ ಕೆಳಗೆ ದಿನಾ ರಕ್ತ ತೆಳುವಾಗಿಸುವ ಇಂಜೆಕ್ಷನ್. ದಾಟದಿದ್ದರೆ ‘ಕಾಲು ಆಡಿಸ್ತಾ ಇರಿ’ ಅನ್ನುವ ಬಾಯಿಮಾತು. ತುಂಬುವವರು ನಾವು, ಡಾಕ್ಟರು ನೋಡುವುದು ಒಟ್ಟನ್ನು ಮಾತ್ರ. ದಿನಾ ಹೊಸದಾಗಿ ನೋಡಿ ತುಂಬಬೇಕು ಅಂತ ಶೀಟಿನ ತಲೆಯ ಮೇಲೇ ಅಚ್ಚು ಹಾಕಿಸಿದ್ದರು. ನಾವು ಮೊದಲ ದಿನದ್ದನ್ನು ತುಂಬಿ, ಅದರ ಕೆಳಗೆ ‘ಮೇಲಿನಂತೆ’ ಅನ್ನುವ ಎರಡು ಪುಟ್ಟ ಗೀಟು ಎಳೆದುಬಿಡುತ್ತಿದ್ದೆವು. ಎಲ್ಲರೂ ಎಳೆಯುತ್ತಿದ್ದೆವು. ಎಲ್ಲರೂ ಅಂದರೆ ತಪ್ಪು ಹಗುರಾಗುತ್ತದೆ ಅಂತ ಅಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಕಾಲಿನ ಊತ ಇಳಿದ ಮೇಲೆ ರಾಡ್ ಹಾಕೋಣ ಎಂದು ಡಾಕ್ಟರು ಆಪರೇಷನ್ ಮುಂದಕ್ಕೆ ಹಾಕಿದರು. ಬಲಗಾಲಿಗೆ ಅರ್ಧ ಪ್ಲಾಸ್ಟರ್ ಕಟ್ಟಿ, ಮಂಚದ ಪಕ್ಕ ಒಂದು ವಾಕರ್ ಇಟ್ಟು, ಬಾತ್‌ರೂಮಿಗೆ ಅದನ್ನು ಹಿಡಿದು ಓಡಾಡಿ ಅಂದರು. ಮಾರನೆಯ ಬೆಳಿಗ್ಗೆ ರೌಂಡ್ಸಿನಲ್ಲಿ ಕೇಳಿದರು, ‘ಓಡಾಡ್ತಿದೀರಾ?’

‘ಹೂ ಸಾರ್, ಓಡಾಡ್ತಿದೀನಿ. ಏನ್ ತೊಂದ್ರೆ ಇಲ್ಲ ಸಾರ್, ಆರಾಮಾಗಿದೀನಿ.’

ನಾವು ಹೋಗುವಷ್ಟರಲ್ಲಿ ಅಣ್ಣ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೈಮುಗಿದು ಕೂತಿದ್ದರು. ಡಾಕ್ಟರ ಎದುರು ಮಲಗಿರುವುದು ಅವರಿಗೆ ಆಗದ ಮಾತು. ದೂರದಲ್ಲಿ ಬೂಟಿನ ಸದ್ದು ಕೇಳಿದ ಕೂಡಲೇ ಅಕ್ಕನ ಹೆಗಲು ಹಿಡಿದು, ಹಲ್ಲು ಕಚ್ಚಿ ಏಳುತ್ತಿದ್ದರಂತೆ, ನಾವು ದಾಟಿದ ಮೇಲೆ ಮತ್ತೆ ಬೀಳುತ್ತಿದ್ದರಂತೆ. ಪಕ್ಕೆಲುಬಿನ ನೋವಿಗೆ ಅವರು ಆ ಮಂಚ ಬಿಟ್ಟು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಬೆಡ್ ಪ್ಯಾನ್ ಕೊಡುತ್ತಿದ್ದ ಆಯಾ ಇದನ್ನೆಲ್ಲ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ‘ನೀವು ಡ್ಯೂಟಿಲಿ ಇರೋವಾಗ ಪ್ಯಾನ್ ಕೇಳ್ಬೇಡ ಅಂತಿದ್ರು ಹೆಂಡ್ತಿಗೆ. ನಮ್ ಬೀದಿ ಹುಡ್ಗಿ, ಏನಂದ್ಕೊಂಡಾಳು ಅಂತ.’ ಬೇರೆ ಯಾರಾದರೂ ನರ್ಸ್ ಆಗಿದ್ದರೆ ಕೇಳುತ್ತಿದ್ದರು. ಧೈರ್ಯಕ್ಕೆ ಅಂತ ಅಕ್ಕ ನನ್ನ ಹತ್ತಿರ ಕರೆತಂದರು, ನಾನಿದ್ದೆ ಅನ್ನುವ ಕಾರಣಕ್ಕೇ ಅಣ್ಣ ಮುಚ್ಚಿಟ್ಟರು.

ಡಾಕ್ಟರು ಹಾಗೆ ಕೇಳಿದಾಗ ಅಕ್ಕ ಮಂಚದ ಕಾಲ ಬಳಿ ನೆಲ ನೋಡುತ್ತಾ ನಿಂತಿದ್ದರು. ಡಾಕ್ಟರ ಎದುರು ಗಂಡನನ್ನು ಸುಳ್ಳುಗಾರ ಮಾಡಲು ಅವರಿಗೆ ಬಾಯಿ ಬರಲಿಲ್ಲ. ನಾನು ಶೀಟಿನಲ್ಲಿ ‘ಓಡಾಡುತ್ತಾರೆ’ ಅನ್ನುವ ಚೌಕಕ್ಕೆ ಟಿಕ್ ಹಾಕಿದೆ. ಅಂಕ ಸೊನ್ನೆ. ಒಟ್ಟು ಗೆರೆಯ ಕೆಳಗೇ ನಿಂತಿತು. ಇಂಜೆಕ್ಷನ್ ಬೇಡ.

ಇನ್ನೊಂದು ವಿಷಯ ಹೇಳಬೇಕು. ಬೀದಿಯಲ್ಲಿ ನನ್ನನ್ನು ಏನೇ, ಕಣೇ ಅನ್ನುತ್ತಿದ್ದ ಅಕ್ಕ ವಾರ್ಡಿನ ಒಳಗೆ ಬಂದ ಮೇಲೆ ‘ಸಿಸ್ಟರ್’ ಅನ್ನತೊಡಗಿದರು. ನೀವು ಅನ್ನತೊಡಗಿದರು. ತಾವೇ ಹೊಲಿದ ಯೂನಿಫಾರ್ಮಿಗೆ ತಾವೇ ಬಹುವಚನ. ಹಾಗನ್ನಬೇಡಿ ಅಕ್ಕ ಅಂತ ನಾನು ಒಂದು ಸಲವೂ ಹೇಳಲಿಲ್ಲ. ಕೇಳಲು ಹಿತವಾಗಿತ್ತು.

ಎರಡನೆಯ ದಿನ ಅಕ್ಕ ಅಣ್ಣನ ಎರಡೂ ಕಾಲಿನ ಅಳತೆ ತೆಗೆದುಕೊಂಡರು. ಪ್ಲಾಸ್ಟರಿನ ಮೇಲೆ ಹಾಕಲು ಬಲಗಾಲು ಅಗಲವಾಗಿ, ಪಕ್ಕದಲ್ಲಿ ಸೀಳು ಬಿಟ್ಟು ಲಾಡಿ ಕಟ್ಟಿದ ಒಂದು ಪೈಜಾಮ ಹೊಲಿಯುವುದು ಅವರ ಯೋಚನೆ. ಪಂಚೆ ಸರಿದು ಹೋಗುತ್ತದೆ ಎಂದು ಅಣ್ಣನಿಗೆ ನಾಚಿಕೆಯಂತೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮನೆಗೆ ಹೋಗಿ ಕತ್ತರಿಸಿ, ನಾಲ್ಕನೆಯ ದಿನ ಮಧ್ಯಾಹ್ನ ಹೊಲಿದು ತಂದರು. ಸ್ವಲ್ಪ ಹೊತ್ತಿಗೆ ಕೌಂಟರಿನ ಹತ್ತಿರ ಬಂದು ನಿಂತರು. ಕೈಯಲ್ಲಿ ಟೇಪು, ನೋಟ್‌ಬುಕ್ಕು.

‘ಸಿಸ್ಟರ್, ಒಂದ್ ನಿಮಿಷ ಬರ್ತೀರಾ? ಪೈಜಾಮ ಎಡಗಾಲಿಗೆ ಹಿಡೀತೈತೆ. ಮೀನ್‌ಖಂಡ ಮೊನ್ನೆ ಹದಿಮೂರಿತ್ತು. ಈಗ ಅಳುದ್ರೆ ಹದಿನಾಲ್ಕೂವರೆ.’

‘ಮುರಿದಿರೋದು ಬಲಗಾಲು ಅಲ್ವಾ ಅಕ್ಕ?’

‘ಅದ್ಕೇ ಹೇಳ್ತಿರೋದು. ಇದು ಚೆನ್ನಾಗಿರೋ ಕಾಲು.’

ನಾನು ಯಾರದೋ ಡಿಸ್ಚಾರ್ಜ್ ಕಾಗದ ಬರೆಯುತ್ತಿದ್ದೆ. ತಲೆ ಎತ್ತಿ ನಕ್ಕೆ. ಆ ನಗು ಹೇಗಿತ್ತು ಅಂತ ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅದೇ ನಗುವನ್ನು ನಮ್ಮ ಹುಡುಗಿಯರ ಮುಖದಲ್ಲಿ ಈಗಲೂ ನೋಡುತ್ತೇನೆ. ‘ಹಾಗಾದ್ರೆ ಮೊನ್ನೆ ಅಳತೆ ತಪ್ಪಿರ್ಬೇಕು ಬಿಡಿ ಅಕ್ಕ. ಗಾಬರೀಲಿ ಅಳ್ದಿರ್ತೀರ.’

ಅಕ್ಕ ಕೈಯಲ್ಲಿದ್ದ ಟೇಪನ್ನು ಒಮ್ಮೆ ನೋಡಿದರು. ಇದೇ ಮಾತನ್ನು ನಾನು ಅವರ ಮನೆಯ ಕಿಟಕಿಯಲ್ಲಿ ನಿಂತು ಹೇಳಿದ್ದರೆ, ಏನೇ, ನನ್ ಅಳತೆನೇ ತಪ್ಪು ಅಂತೀಯಾ ಎಂದು ಬೀದಿಗೆಲ್ಲ ಕೇಳುವ ಹಾಗೆ ಜಾಡಿಸುತ್ತಿದ್ದರು. ನಾನು ಎದ್ದು ಹೋಗಿ ನೋಡಿ ತಪ್ಪಾಯಿತು ಅನ್ನುವ ತನಕ ಬಿಡುತ್ತಿರಲಿಲ್ಲ. ವಾರ್ಡಿನಲ್ಲಿ ಮಾತ್ರ, ‘ಇರ್ಬೋದು ಸಿಸ್ಟರ್’ ಅಂದರು. ತಿರುಗಿ ಹೋದರು. ಆ ಮಂಚ ಕೌಂಟರಿನಿಂದ ಹತ್ತು ಹೆಜ್ಜೆ. ನಾನು ಏಳಲಿಲ್ಲ. ಸಂಜೆ ಡ್ಯೂಟಿ ಮುಗಿಸುವ ಮುಂಚೆ ಅಣ್ಣನ ಶೀಟಿನಲ್ಲಿ ಆ ದಿನದ ಸಾಲಿಗೆ ಎರಡು ಗೀಟು ಎಳೆದು ಮನೆಗೆ ಹೋದೆ.

ಮಾರನೆಯ ಬೆಳಿಗ್ಗೆ ರೌಂಡ್ಸಿಗೆ ಹೋದಾಗ ಅಣ್ಣ ಹೊಸ ಪೈಜಾಮ ಹಾಕಿಕೊಂಡಿದ್ದರು. ಎಡಗಾಲಿನ ಹೊಲಿಗೆಯನ್ನು ಮೊಣಕಾಲಿನಿಂದ ಕೆಳಕ್ಕೆ ಬಿಚ್ಚಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಸಡಿಲ ಮಾಡಿದ್ದರು ಅಕ್ಕ. ಅವರ ಕೈಯಿಂದ ಆಲ್ಟರ್ ಆಗಿ ಬಂದ ಬಟ್ಟೆಯನ್ನು ನಾನು ನೋಡಿದ್ದು ಅದೇ ಮೊದಲು. ನಾಳೆ ಆಪರೇಷನ್ ಅಂತ ಡಾಕ್ಟರು ಹೇಳಿದರು. ಬಟ್ಟೆ ನೆಟ್ಟಗಿದೆ ಎನ್ನುವ ಧೈರ್ಯವೋ, ಓಡಾಡುತ್ತಿದ್ದೇನೆ ಅಂದ ಮಾತನ್ನು ಉಳಿಸಿಕೊಳ್ಳಬೇಕು ಅನ್ನಿಸಿತೋ, ಅಣ್ಣ ಆ ದಿನ ಕೂತು ಕೈಮುಗಿಯಲಿಲ್ಲ. ವಾಕರ್ ಹಿಡಿದು ಎದ್ದು ನಿಂತರು. ‘ನಮಸ್ಕಾರ ಸಾರ್’ ಅಂದರು. ಮುಂದಿನ ಉಸಿರು ಅವರಿಗೆ ಸಿಗಲಿಲ್ಲ.

ಅರ್ಧ ಗಂಟೆ ಎದೆ ಒತ್ತಿದೆವು, ಆ ಬಿರುಕು ಬಿಟ್ಟ ಪಕ್ಕೆಲುಬುಗಳ ಮೇಲೆ... ಎಲ್ಲ ಮುಗಿದ ಮೇಲೆ ಡಾಕ್ಟರು ಪೈಜಾಮ ಸರಿಸಿ ಎಡಗಾಲಿನ ಮೀನಖಂಡ ಒತ್ತಿ ನೋಡಿದರು. ಶೀಟ್ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ‘ಕಾಲಿನ ಕ್ಲಾಟ್ ಲಂಗ್ಸಿಗೆ ಹೋಗಿದೆ’ ಅಂತ ನಮಗೆ ಮಾತ್ರ ಕೇಳುವ ಹಾಗೆ ಅಂದರು. ಹೊರಗೆ ಹೋಗಿ ಅಕ್ಕನಿಗೆ ಹೇಳಿದ್ದು ಬೇರೆ. ‘ಹಾರ್ಟ್ ನಿಂತೋಯ್ತಮ್ಮ.’ ಸುಳ್ಳೇನಲ್ಲ. ಸತ್ತವರೆಲ್ಲರ ಹಾರ್ಟೂ ನಿಂತೇ ಇರುತ್ತದೆ.

ಬಾಡಿ ಮನೆಗೆ ಹೋಗುವ ಮುಂಚೆಯೇ ನಮ್ಮ ಇನ್‌ಚಾರ್ಜ್ ಸಿಸ್ಟರ್ ಒಂದು ಖಾಲಿ ಸ್ಕೋರ್ ಶೀಟ್ ತಂದು ನನ್ನ ಮುಂದೆ ಇಟ್ಟರು. ‘ದಿನಾ ನೋಡಿದೀವಿ ಅಂತ ಇರ್ಬೇಕು ಕಣಮ್ಮ. ಬರೀ ಗೀಟು ಎಳ್ದಿದ್ರೆ ನಾಳೆ ಯಾರು ಒಪ್ತಾರೆ? ನಿನ್ ಕೆಲಸಾನೇ ಹೋಗೋದು.’ ನಾನು ಕೂತು ಬರೆದೆ. ಒಂದೊಂದು ದಿನಕ್ಕೂ ಒಂದೊಂದು ಸಾಲು. ಓಡಾಡುತ್ತಾರೆ, ಎಡಗಾಲಿನಲ್ಲಿ ಊತ ಇಲ್ಲ. ಓಡಾಡುತ್ತಾರೆ, ಊತ ಇಲ್ಲ. ಒಂದೇ ಪೆನ್ನಿನಲ್ಲಿ ಬರೆದರೆ ಒಂದೇ ಸಲ ಕೂತು ಬರೆದ ಹಾಗೆ ಕಾಣುತ್ತದೆ ಎಂದು ಆಯಾಳ ಹತ್ತಿರ ಒಂದು, ಔಷಧಿ ಅಂಗಡಿಯಲ್ಲಿ ಒಂದು, ಹೀಗೆ ನಾಲ್ಕು ಪೆನ್ನು ಕೇಳಿ ತಂದೆ. ಅಷ್ಟು ಶ್ರದ್ಧೆಯಿಂದ ನಾನು ಆ ಶೀಟನ್ನು ಅದಕ್ಕೆ ಮುಂಚೆ ಎಂದೂ ತುಂಬಿರಲಿಲ್ಲ. ತಮಾಷೆಯೆಂದರೆ ಅದನ್ನು ಯಾರೂ ಕೇಳಲೇ ಇಲ್ಲ. ಕೇಳಬೇಕಾದವರಿಗೆ ಅಂಥದ್ದೊಂದು ಶೀಟ್ ಇದೆ ಎಂದೇ ಗೊತ್ತಿರಲಿಲ್ಲ. ಋಣ ಇಷ್ಟೇ ಇತ್ತು ಅಂತ ಅತ್ತು, ಗುಬ್ಬಿ ಕಡೆಗೆ ತೆಗೆದುಕೊಂಡು ಹೋಗಿ ಮಣ್ಣು ಮಾಡಿ ಬಂದರು.

ಎರಡು ತಿಂಗಳ ಮೇಲೆ ಅಕ್ಕನ ಮಿಷನ್ ಸದ್ದು ಮತ್ತೆ ಕೇಳಿತು. ನಾನು ಒಂದು ಬ್ಲೌಸ್ ಪೀಸ್ ಹಿಡಿದುಕೊಂಡು ಹೋದೆ. ಬ್ಲೌಸ್ ನೆಪ. ಹೇಳಿಬಿಡಬೇಕು ಎಂದುಕೊಂಡೇ ಹೋಗಿದ್ದೆ. ಅಕ್ಕ ನನ್ನ ತೋಳಿನ ಅಳತೆ ತೆಗೆದರು. ಬರೆಯಲು ಹೋದವರು ನಿಂತು ಮತ್ತೆ ಅಳೆದರು. ಮೂರನೆಯ ಸಲ ಅಳೆಯಲು ಬಂದಾಗ, ಪುಸ್ತಕದಲ್ಲಿ ನನ್ನ ಅಳತೆ ಇದೆಯಲ್ಲ ಅಕ್ಕ ಅಂದೆ.

‘ನಂಬ್ಕೆ ಹೋಗೈತೆ ಕಣೇ. ಕೊನೇಗೆ ಅವ್ರಿಗೊಂದು ಹೊಲ್ದೆ, ಅದೂ ಅಳತೆ ತಪ್ಪೋಯ್ತು. ಬಿಚ್ಚಿ ಹೊಲ್ದಿದ್ ಬಟ್ಟೇಲಿ ಹೋದ್ರು.’

ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ನಿಮ್ಮ ಅಳತೆ ತಪ್ಪಿರಲಿಲ್ಲ ಅಕ್ಕ, ನಾನು ಎದ್ದು ಬರಲಿಲ್ಲ. ಇಷ್ಟೇ. ಇದನ್ನು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ, ಅದರ ಮುಂದೆ ಆ ನಾಲ್ಕು ಪೆನ್ನು ಬರುತ್ತದೆ, ಕೆಲಸ ಹೋಗುತ್ತದೆ. ‘ಹಾಗೆಲ್ಲ ಅಂದ್ಕೋಬೇಡಿ ಅಕ್ಕ’ ಅಂದೆ. ಅಂದುಕೊಳ್ಳುವ ಹಾಗೆ ಮಾಡಿದವಳು ನಾನೇ.

ಆಮೇಲೆ ಅಕ್ಕನ ಬಟ್ಟೆಗಳು ಸಡಿಲವಾಗುತ್ತಾ ಬಂದವು. ಬಿಗಿಯಾದೀತು ಅನ್ನುವ ಭಯಕ್ಕೆ ಎಲ್ಲದಕ್ಕೂ ಒಂದೂವರೆ ಇಂಚು ಜಾಸ್ತಿ ಬಿಡುತ್ತಿದ್ದರು. ಬೀದಿಯ ಹೆಂಗಸರು ಮೊದಮೊದಲು ಪಾಪ ಅಂದರು, ಆಮೇಲೆ ಬೇರೆ ಟೈಲರ್ ಹುಡುಕಿಕೊಂಡರು. ವರ್ಷ ತುಂಬಿ ಸ್ವಲ್ಪ ದಿನಕ್ಕೆ ಅಕ್ಕ ಮನೆ ಖಾಲಿ ಮಾಡಿ ಕುಣಿಗಲ್‌ನಲ್ಲಿದ್ದ ತಂಗಿಯ ಮನೆಗೆ ಹೋದರು. ಹೋಗುವ ದಿನ ಟೆಂಪೋಗೆ ಮಿಷನ್ ಹತ್ತಿಸುವಾಗ ನಾನು ಡ್ಯೂಟಿಯಲ್ಲಿದ್ದೆ. ಡ್ಯೂಟಿ ಬದಲಾಯಿಸಿಕೊಳ್ಳಬಹುದಿತ್ತು...

ಈಗ ನಾನಿರುವುದು ಸದಾಶಿವನಗರದ ಬೇರೊಂದು ಆಸ್ಪತ್ರೆಯಲ್ಲಿ. ಕೆಲಸ ಹೋಗಲಿಲ್ಲ, ಪ್ರಮೋಷನ್ ಬಂತು. ಶೀಟಿನಲ್ಲಿ ಗೀಟು ಕಂಡರೆ ಹುಡುಗಿಯರನ್ನು ಅಳುವ ಹಾಗೆ ಬೈಯುತ್ತೇನೆ. ಓಡಾಡ್ತಿದೀರಾ ಅಂತ ಪೇಷಂಟನ್ನು ಕೇಳಬೇಡಿ, ಎಬ್ಬಿಸಿ ನಡೆಸಿ ನೋಡಿ ಅನ್ನುತ್ತೇನೆ. ಪೇಷಂಟಿನ ಕಡೆಯವರು ಕಾಲು ಊದಿದೆ ಅಂದರೆ ಊಟದ ಕೈಯಲ್ಲೇ ಎದ್ದು ಹೋಗಿ ಅನ್ನುತ್ತೇನೆ. ಎಲ್ಲರೂ ಮೆಚ್ಚುತ್ತಾರೆ. ಎಲ್ಲಿ ಕಲಿತಿರಿ ಅಂತ ಒಬ್ಬ ಹೊಸ ಡಾಕ್ಟರು ಕೇಳಿದರು. ಹಳೇ ಕೆಲಸದಲ್ಲಿ ಅಂದೆ.

ಟೇಪಿನ ಪೊಟ್ಟಣ ಬಂದ ಆ ವಾರದ ಭಾನುವಾರ ಕುಣಿಗಲ್ ಬಸ್ಸು ಹತ್ತಿದೆ. ಇಷ್ಟು ವರ್ಷ ಆದ ಮೇಲೆ ಕೆಲಸದ ಭಯವೂ ಹೋಗಿತ್ತು, ಇನ್ನು ಹೇಳದಿರಲು ಒಂದು ನೆಪವೂ ಉಳಿದಿರಲಿಲ್ಲ. ಕೇಳಿಕೊಂಡು ತಂಗಿಯ ಮನೆ ಹುಡುಕಿದೆ. ಬಾಗಿಲು ತೆಗೆದವರ ಮುಖದಲ್ಲಿ ಅಕ್ಕನ ಮೂಗು, ಅಕ್ಕನ ಹಣೆ. ‘ಅಕ್ಕ ಹೋಗಿ ವರ್ಷ ಆಯ್ತಲ್ಲಮ್ಮ, ನಿಮ್ಗೆ ಯಾರೂ ಹೇಳ್ಲಿಲ್ವಾ?’ ಅಂದರು. ಯಾರು ಹೇಳಬೇಕು... ನಾನು ಒಂದು ಫೋನನ್ನಾದರೂ ಮಾಡಿದ್ದೆನೇ?

ಮಿಷನ್ ಕೋಣೆಯ ಮೂಲೆಯಲ್ಲಿತ್ತು, ಮೇಲೆ ಬೆಡ್‌ಶೀಟ್ ಹೊದಿಸಿದ್ದರು. ಮರಳೂರಿನವಳು ಅಂದಿದ್ದಕ್ಕೆ ತಂಗಿ ಡ್ರಾ ಎಳೆದು ಆ ನೋಟ್‌ಬುಕ್ಕು ತೆಗೆದುಕೊಟ್ಟರು. ‘ನಿಮ್ ಅಳತೆನೂ ಇರ್ಬೇಕು ನೋಡಿ.’ ಇತ್ತು. ಯೂನಿಫಾರ್ಮಿನ ಅಳತೆ, ಕೆಳಗೆ ಮೂರು ಸಲ ಬರೆದ ತೋಳಿನ ಅಳತೆ. ಕೊನೆಯ ಕಡೆ ಒಂದು ಪುಟದ ತಲೆಯ ಮೇಲೆ ‘ನಮ್ಮನೆಯವರು’ ಅಂತಿತ್ತು. ಬಲ, ಕಟ್ಟಿನ ಮೇಲೆ, ಹತ್ತೊಂಬತ್ತು. ಎಡ, ಹದಿಮೂರು. ಆ ಹದಿಮೂರರ ಮೇಲೆ ಎರಡು ಸಲ ಗೆರೆ ಹೊಡೆದು ಪಕ್ಕದಲ್ಲಿ ಹದಿನಾಲ್ಕೂವರೆ ಅಂತ ಬರೆದಿದ್ದರು. ಅದರ ಮುಂದೆ, ಅವರ ಗುಂಡನೆಯ ಅಕ್ಷರದಲ್ಲಿ, ‘ನನ್ನ ತಪ್ಪು’.

‘ಇದು ತಪ್ಪಲ್ಲ’ ಅಂದೆ. ‘ಹದಿಮೂರೂ ಸರಿ, ಹದಿನಾಲ್ಕೂವರೆಯೂ ಸರಿ.’

ತಂಗಿ ಪುಟವನ್ನು ನೋಡಿ ನನ್ನನ್ನು ನೋಡಿದರು. ‘ಅಕ್ಕನೇ ಬರ್ದವ್ಳಲ್ಲಮ್ಮ, ತಪ್ಪು ಅಂತ.’

ಎಲ್ಲವನ್ನೂ ಹೇಳಿದೆ. ಟಿಕ್ ಹಾಕಿದ್ದು, ನಕ್ಕಿದ್ದು, ಎದ್ದು ಹೋಗದಿದ್ದುದು, ನಾಲ್ಕು ಪೆನ್ನು. ಮುಗಿದ ಮೇಲೆ ಅವರು ನನ್ನ ಕೈಯಿಂದ ನೋಟ್‌ಬುಕ್ಕು ತೆಗೆದುಕೊಂಡು, ಸೆರಗಿನಿಂದ ಒರೆಸಿ, ಡ್ರಾದಲ್ಲಿ ಇಟ್ಟರು.

‘ಇದನ್ನ ಅವ್ಳಿಗೆ ಹೇಳ್ಬೇಕಿತ್ತು ನೀವು’ ಅಂದರು. ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಮನೆಗೆ ಬಂದವಳು ಅನ್ನುವ ಮರ್ಯಾದೆಗೆ ಒಳಗೆ ಹೋಗಿ ಕಾಫಿ ಮಾಡಿ ತಂದು ಮುಂದಿಟ್ಟರು. ಲೋಟ ಎತ್ತಿಕೊಂಡೆ, ಕುಡಿದೆ. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಬ್ಯಾಗಿನಲ್ಲಿ ವಾರ್ಡಿನ ಹೊಸ ಟೇಪು ಒಂದು ಕೈಗೆ ಸಿಕ್ಕಿತು. ಅಕ್ಕನಿಗೆ ಕೊಡೋಣ ಅಂತ ತಂದಿದ್ದೆ.